ಹಗಲು ಹೊತ್ತಿನ ಬೆಳ್ಳಿ ಚುಕ್ಕಿ

ಮಾಲೂರಿನ ಓದುಗರೊಬ್ಬರು ನನ್ನನ್ನು ಸುಳ್ಳುಗಾರ ಎಂದು ಕರೆದಿದ್ದಾರೆ.

ಬೈದು ಬರೆದಿದ್ದರೆ ಹರಿದು ಹಾಕಿ ಸುಮ್ಮನಾಗಬಹುದಿತ್ತು. ಅವರು ಬರೆದದ್ದು ಬಹಳ ಮರ್ಯಾದೆಯಿಂದ, ದುಂಡಗಿನ ಅಕ್ಷರದಲ್ಲಿ, ಇನ್‌ಲ್ಯಾಂಡ್ ಲೆಟರಿನಲ್ಲಿ. (ಇನ್‌ಲ್ಯಾಂಡ್ ಈಗಲೂ ಸಿಗುತ್ತದೆ ಎಂಬುದೇ ನನಗೆ ಸುದ್ದಿ.) ತಾವು ವಿಜ್ಞಾನ ಓದಿದವರು, ಹಗಲಲ್ಲಿ ಬರಿಗಣ್ಣಿಗೆ ಶುಕ್ರಗ್ರಹವನ್ನು ಕಂಡೆ ಎಂದು ಬರೆದಿದ್ದೀರಿ, ಸಾಧ್ಯವಾದರೆ ತೋರಿಸಿ, ಇಲ್ಲವಾದರೆ ತಿದ್ದಿಕೊಳ್ಳಿ. ಅಷ್ಟೇ. ಕೆಳಗೆ ಸಹಿ.

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ಆ ಪ್ರಸಂಗ ಗೊತ್ತು. ಹೊಸಬರಿಗಾಗಿ ನಾಲ್ಕು ಸಾಲು. ನಮ್ಮಪ್ಪ ಸರ್ವೆ ಇಲಾಖೆಯಲ್ಲಿದ್ದರು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಎಂದು ವರ್ಗವಾದ ಕಡೆಯೆಲ್ಲ ಸರಪಳಿ ಹಿಡಿದು ಜಮೀನು ಅಳೆದವರು. ನನಗೆ ಆರು ವರ್ಷವಿದ್ದಾಗ ಕುರುಡುಮಲೆಯಲ್ಲಿ ಅಳತೆಯ ಕೆಲಸವಿತ್ತು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಡುಮಧ್ಯಾಹ್ನ, ಗಣಪತಿ ಗುಡಿಯ ನೆರಳಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಬೆರಳು ಮೇಲೆತ್ತಿ, ‘ಅಗೋ ಬೆಳ್ಳಿ’ ಎಂದರು. ಶುಕ್ರನಿಗೆ ನಮ್ಮ ಕಡೆ ಬೆಳ್ಳಿ ಎನ್ನುತ್ತಾರೆ. ನೀಲಿ ಆಕಾಶದಲ್ಲಿ ಉಪ್ಪಿನ ಹರಳಿನಂಥ ಒಂದು ಚುಕ್ಕಿ.

ನನ್ನ ಬದುಕಿನ ಮೊದಲ ನೆನಪು ಅದು. ಬೆಂಗಳೂರಿಗೆ ಹೋಗಿ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ್ದು, ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದು, ದೇವರು ದೆವ್ವ ಎಂದವರೊಡನೆಲ್ಲ ಜಗಳವಾಡಿದ್ದು, ಎಲ್ಲಕ್ಕೂ ಬೇರು ಆ ಚುಕ್ಕಿ. ‘ನಂಬಬೇಡಿ, ನೋಡಿ’ ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ನನ್ನ ಕಣ್ಣೆದುರಿಗೆ ಅದೇ ಬರುತ್ತಿತ್ತು.

ಆದರೆ ಪತ್ರ ಓದಿದ ಮೇಲೆ ಎದೆಯಲ್ಲಿ ಒಂದು ಸಣ್ಣ ಮುಳ್ಳು. ನಾನು ನಿಜವಾಗಿಯೂ ನೋಡಿದೆನಾ?

ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ವಯಸ್ಸು ನನ್ನದು. ಹೆಂಡತಿ ವನಜಾಳನ್ನು ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು: “ರೀ, ಮದುವೆ ಆದ ಹೊಸದರಲ್ಲಿ ಇದೇ ಕಥೆ ಶ್ರೀನಿವಾಸಪುರದ ಕೆರೆ ಕಟ್ಟೆ ಮೇಲೆ ನಡೆದಿತ್ತು. ಗುಡಿ ಆಮೇಲೆ ಬಂತು.”

ಇದಕ್ಕೆ ಏನೆನ್ನುತ್ತೀರಿ? ಮನುಷ್ಯ ನೆನಪನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ, ತೆಗೆದಾಗಲೆಲ್ಲ ಸ್ವಲ್ಪ ಒರೆಸಿ, ಸ್ವಲ್ಪ ಬಣ್ಣ ಹಚ್ಚಿ ಇಡುತ್ತಾನೆ. ಬೇರೆಯವರ ವಿಷಯದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆ! ಅದೇ ಅಳತೆಗೋಲನ್ನು ನನ್ನ ಮೇಲಿಟ್ಟರೆ ಮಾತ್ರ ಮೈ ಉರಿಯುತ್ತದೆ.

ಹಾಗಾಗಿ ತೀರ್ಮಾನ ಮಾಡಿದೆ. ಹಗಲಲ್ಲಿ ಶುಕ್ರನನ್ನು ನಮ್ಮ ತಾರಸಿಯಿಂದ ಬರಿಗಣ್ಣಲ್ಲಿ ನೋಡುವುದು. ಕಂಡರೆ ನನ್ನ ಕಥೆ ಉಳಿಯುತ್ತದೆ. ಕಾಣದಿದ್ದರೆ ಇದೇ ಅಂಕಣದಲ್ಲಿ, ಇದೇ ಜಾಗದಲ್ಲಿ, ತಪ್ಪಾಯಿತು ಎಂದು ಬರೆಯುವುದು. ಅಪ್ಪನ ಹೆಸರು ಹೇಳಿ ಮೂವತ್ತು ವರ್ಷ ಸುಳ್ಳು ಹೇಳಿಕೊಂಡು ಬಂದೆ ಎಂದು ಬರೆಯುವುದು ಹೇಗಿರುತ್ತದೆ, ನೀವೇ ಊಹಿಸಿ.

ಅದೃಷ್ಟಕ್ಕೆ ಈ ದಿನಗಳಲ್ಲಿ ಶುಕ್ರ ಸಂಜೆಯ ಹೊತ್ತು ಪಡುವಣದಲ್ಲಿ ದೀಪದ ಹಾಗೆ ಉರಿಯುತ್ತಿದೆ. ಅಂದರೆ ಹಗಲೂ ಆಕಾಶದಲ್ಲೇ ಇರುತ್ತದೆ, ಸೂರ್ಯನ ಹಿಂದೆ ಹಿಂದೆ ನಡೆಯುತ್ತಿರುತ್ತದೆ. ಎಲ್ಲಿ ಎಂದು ಗೊತ್ತಾಗಬೇಕು, ಅಷ್ಟೇ. ಅದನ್ನು ಹೇಳುವುದಕ್ಕೆ ನನ್ನ ಹತ್ತಿರ ಈಗ ಒಂದು ಸಾಧನವಿದೆ. ಹೊಸ ಮೌಂಟು.

ಟೆಲಿಸ್ಕೋಪು ಹಳೆಯದೇ. ಅದನ್ನು ಹೊತ್ತುಕೊಳ್ಳುವ, ತಿರುಗಿಸುವ ಕೆಳಗಿನ ಯಂತ್ರಕ್ಕೆ ಮೌಂಟು ಎನ್ನುತ್ತಾರೆ. ಹಳೆಯ ಸ್ಟ್ಯಾಂಡು ಯಾರಾದರೂ ಕೆಮ್ಮಿದರೆ ನಡುಗುತ್ತಿತ್ತು. ಇದು ಎರಡು ಪೆಟ್ಟಿಗೆಯಲ್ಲಿ ಬಂತು. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ಎದುರು ದಿಕ್ಕಿಗೆ ತಿರುಗಿ, ಹಿಡಿದ ಗ್ರಹವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಬೇಕಾದ ಗ್ರಹದ ಹೆಸರು ಒತ್ತಿದರೆ ತಾನೇ ಹೋಗಿ ಅಲ್ಲಿ ನಿಲ್ಲುತ್ತದೆ. ಅದು ಕೇಳುವುದು ಎರಡೇ. ಅದರ ಅಚ್ಚು ಸರಿಯಾಗಿ ಉತ್ತರಕ್ಕೆ ಮುಖ ಮಾಡಿರಬೇಕು, ನಮ್ಮ ಊರಿನ ಅಕ್ಷಾಂಶದಷ್ಟು ಮೇಲಕ್ಕೆ ವಾಲಿರಬೇಕು.

ಅಕ್ಷಾಂಶ ಸುಲಭ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋಗಿ ಇಟ್ಟರೂ ಹದಿಮೂರು ಡಿಗ್ರಿ ಚಿಲ್ಲರೆ. ಆದರೆ ಮೌಂಟಿನ ಮೇಲೆ ಅಂಕಿ ಶುರುವಾಗುವುದೇ ಇಪ್ಪತ್ತರಿಂದ! ಅದನ್ನು ಮಾಡಿದವರು ನಲವತ್ತು, ಐವತ್ತು ಡಿಗ್ರಿಯ ಚಳಿ ದೇಶದವರು. ನಮ್ಮಂಥವರೂ ಆಕಾಶ ನೋಡುತ್ತೇವೆ ಎಂದು ಅವರಿಗೆ ಹೊಳೆದಿಲ್ಲ. ಅಂಕಿಯಿಲ್ಲದ ಕಡೆ ನಾನೇ ಅಳೆದು, ಪೆನ್ಸಿಲಿನಿಂದ ಗೆರೆ ಎಳೆದು ಹದಿಮೂರು ಎಂದು ಬರೆದೆ. ಅಷ್ಟು ಬಗ್ಗಿಸಿದ ಕೂಡಲೇ ಕೆಳಗೆ ತೂಗುವ ಭಾರದ ಗುಂಡು ಸ್ಟ್ಯಾಂಡಿನ ಕಾಲಿಗೆ ಹೋಗಿ ಢಣ್ ಎಂದು ಬಡಿಯಿತು. ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವ ಹಾಗೆ ಸ್ಟ್ಯಾಂಡನ್ನೇ ತಿರುಗಿಸಿಟ್ಟೆ. ಬಡಿತ ನಿಂತಿತು. ಈ ಉಪಾಯ ಅವರ ಪುಸ್ತಕದಲ್ಲಿರಲಿಲ್ಲ. (ಹೌದು, ಸ್ವಲ್ಪ ಜಂಬವಿದೆ. ಇರಲಿ ಬಿಡಿ.)

ಉಳಿದದ್ದು ಉತ್ತರ.

ಧ್ರುವ ನಕ್ಷತ್ರ ನೋಡಿ ಉತ್ತರ ಹಿಡಿಯಿರಿ ಎನ್ನುತ್ತದೆ ಪುಸ್ತಕ. ನಮ್ಮಲ್ಲಿ ಧ್ರುವ ಹದಿಮೂರೇ ಡಿಗ್ರಿ ಮೇಲಿರುತ್ತದೆ, ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಸರಿ, ದಿಕ್ಸೂಚಿ ಇಟ್ಟೆ. ತಾರಸಿಯ ಒಂದು ಮೂಲೆಯಲ್ಲಿ ಒಂದು ಉತ್ತರ, ಇನ್ನೊಂದು ಮೂಲೆಯಲ್ಲಿ ಇನ್ನೊಂದು. ಮೋಲ್ಡಿಂಗ್ ಒಳಗಿನ ಕಬ್ಬಿಣದ ಕಂಬಿಗಳು ಮುಳ್ಳನ್ನು ಎಳೆದಾಡುತ್ತಿದ್ದವು.

ಆಗ ನನಗೆ ಹೊಳೆಯಿತು. ಈ ಮನೆ ಪೂರ್ವಾಭಿಮುಖ ಅಲ್ಲವೇ? ಕಟ್ಟುವಾಗ ನಮ್ಮ ಮಾವ ಪಟ್ಟು ಹಿಡಿದು ವಾಸ್ತು ನೋಡುವವರನ್ನು ಕರೆಸಿ, ಒಂದು ಇಂಚೂ ಅತ್ತಿತ್ತ ಆಗದ ಹಾಗೆ ಪಾಯ ಹಾಕಿಸಿದ್ದರು. ಅಂದ ಮೇಲೆ ತಾರಸಿಯ ಪಕ್ಕದ ಗೋಡೆ ಸರಿಯಾಗಿ ಪೂರ್ವ ಪಶ್ಚಿಮ, ಮುಂದಿನದು ದಕ್ಷಿಣೋತ್ತರ. ಮುಂದಿನ ಗೋಡೆಗೆ ಸಮನಾಗಿ ಮೌಂಟು ನಿಲ್ಲಿಸಿದೆ. ಟೆಲಿಸ್ಕೋಪಿನ ಬಾಯಿಗೆ ಸೋಲಾರ್ ಫಿಲ್ಟರ್ ಕಟ್ಟಿ (ಅದಿಲ್ಲದೆ ಸೂರ್ಯನ ಕಡೆ ತಿರುಗಿಸಿದರೆ ಕಣ್ಣು ಹೋಗುತ್ತದೆ, ಹುಡುಗಾಟವಲ್ಲ), ಸೂರ್ಯನನ್ನು ನಡುವಿಗೆ ತಂದು, ‘ಇದು ಸೂರ್ಯ’ ಎಂದು ಯಂತ್ರಕ್ಕೆ ಹೇಳಿ, ಶುಕ್ರ ಎಂದು ಒತ್ತಿದೆ. ಕುಂಯ್ ಎಂದು ತಿರುಗಿ ನಿಂತಿತು. ಫಿಲ್ಟರ್ ತೆಗೆದು ಕಣ್ಣಿಟ್ಟೆ.

ಖಾಲಿ ನೀಲಿ.

ಮಾರನೆಯ ದಿನ? ಖಾಲಿ ನೀಲಿ. ಅದರ ಮಾರನೆಯ ದಿನವೂ ಅಷ್ಟೇ. ಊಟದ ಹೊತ್ತಿಗೂ ಕೆಳಗಿಳಿಯದ ನನ್ನನ್ನು ವನಜಾ ಬಟ್ಟೆ ಒಣಹಾಕುವ ನೆಪದಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದಳು. ಮೂರನೆಯ ದಿನ ಯಂತ್ರ ಕೆಟ್ಟಿದೆ ಎಂದೆ. ನಾಲ್ಕನೆಯ ದಿನ ಕೆಟ್ಟಿರುವುದು ಮನೆ ಎಂಬ ಅನುಮಾನ ಬಂತು.

ಮನೆ ಕಟ್ಟಿದ ವೆಂಕಟರವಣ ಮೇಸ್ತ್ರಿಗೆ ಫೋನ್ ಮಾಡಿದೆ. ಕ್ಯಾಲನೂರಿನವರು. ಈಗ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಗಾರರಿಗೆ ಬಾಡಿಗೆ ರೂಮುಗಳನ್ನು ಕಟ್ಟುವುದರಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಆದರೂ ಶನಿವಾರ ಬೆಳಿಗ್ಗೆಯೇ ಬಂದರು. ನಾನು ಪಕ್ಕದ ಗೋಡೆ ತೋರಿಸಿ, ಇದು ಪೂರ್ವ ಪಶ್ಚಿಮ ತಾನೇ ಎಂದೆ. ಅವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು:

“ಲೇದು ಸಾರ್. ಸೈಟೇ ಸೊಟ್ಟ ಇತ್ತು. ರೋಡ್ ನೋಡ್ಕಂಡು ದಾರ ಹಿಡಿದ್ವಿ.”

ಹಾಗಾದರೆ ವಾಸ್ತುವಿನವರು? ಅವರು ತಮ್ಮ ದಿಕ್ಸೂಚಿಯನ್ನು ಇಟ್ಟದ್ದು ಕಬ್ಬಿಣದ ಕಂಬಿಗಳ ರಾಶಿಯ ಮೇಲಂತೆ. ಮುಳ್ಳು ರೋಡಿಗೆ ಸರಿಯಾಗಿ ನಿಂತಿತಂತೆ. ಎಲ್ಲರಿಗೂ ಸಂತೋಷವಾಯಿತಂತೆ. ಮಾವನವರು ಹದಿನೆಂಟು ವರ್ಷ ಆ ಸಂತೋಷದಲ್ಲೇ ಬದುಕಿ ಕಣ್ಣು ಮುಚ್ಚಿದರು. ಮತ್ತೆ ಆಗ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಮೇಸ್ತ್ರಿ ನಕ್ಕರು: “ಮನೆಗಾದ್ರೆ ರೋಡು, ಗುಡಿಗಾದ್ರೆ ಸೂರ್ಯ ಸಾರ್. ನೀವು ಕಟ್ಟಿಸಿದ್ದು ಮನೆನೇ ಕದಾ, ಅಲ್ವಾ?”

ವಾಸ್ತು ಎಂದರೆ ನಗುತ್ತಿದ್ದವನು ನಾನು. ಅದೇ ವಾಸ್ತುವನ್ನು ನಂಬಿ ಟೆಲಿಸ್ಕೋಪು ನಿಲ್ಲಿಸಿದವನೂ ನಾನು. ಇಂಥ ತಪ್ಪು ಅದನ್ನು ನಂಬುವವರು ಯಾರೂ ಮಾಡಿರಲಾರರು.

ಗುಡಿಗಾದರೆ ಹೇಗೆ ಎಂದು ಕೇಳಿದೆ. ಮೇಸ್ತ್ರಿ ಕೆಲಸಕ್ಕೇ ಇಳಿದರು. ತಾರಸಿಯ ನಡುವೆ ಒಂದು ಗೇಣಿನ ಕಂಬಿಯನ್ನು ಸಿಮೆಂಟಿನ ಮುದ್ದೆಯಲ್ಲಿ ನೆಟ್ಟರು. ತೂಕದ ಗುಂಡು ಬಿಟ್ಟು ನೆಟ್ಟಗಿದೆಯಾ ನೋಡಿದರು. ಅದರ ಸುತ್ತ ದಾರ ಹಿಡಿದು ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದರು. ಬೆಳಿಗ್ಗೆ ಕಂಬಿಯ ನೆರಳಿನ ತುದಿ ವೃತ್ತವನ್ನು ಮುಟ್ಟಿದಾಗ ಒಂದು ಗುರುತು. ಇನ್ನು ಮಧ್ಯಾಹ್ನದ ಮೇಲೆ ಅದೇ ತುದಿ ಇನ್ನೊಂದು ಪಕ್ಕದಲ್ಲಿ ವೃತ್ತವನ್ನು ಮುಟ್ಟುವವರೆಗೆ ಕಾಯುವುದು. ಎರಡು ಗುರುತು ಸೇರಿಸಿದರೆ ಪೂರ್ವ ಪಶ್ಚಿಮ. ಅದಕ್ಕೆ ಅಡ್ಡ ಎಳೆದರೆ ಉತ್ತರ. ಗಡಿಯಾರ ಬೇಡ, ದಿಕ್ಸೂಚಿ ಬೇಡ, ಕರೆಂಟು ಬೇಡ. ಇವರ ತಂದೆ ಗುಡಿಗಳಿಗೆ ಪಾಯ ಹಾಕುತ್ತಿದ್ದಾಗ ಕಲಿತದ್ದಂತೆ. ನಾನು ಈ ವಿಧಾನವನ್ನು ಪುಸ್ತಕದಲ್ಲಿ ಓದಿ, ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೂ ಕೊಟ್ಟಿದ್ದೆ. ಒಂದು ದಿನವೂ ಕಂಬಿ ನೆಟ್ಟಿರಲಿಲ್ಲ.

ಊಟದ ಹೊತ್ತಿಗೆ ನನ್ನ ಅಕ್ಕ ಬಂದಳು. ರುಕ್ಕಕ್ಕ, ನನಗಿಂತ ಐದು ವರ್ಷ ದೊಡ್ಡವಳು, ಶ್ರೀನಿವಾಸಪುರದಲ್ಲಿದ್ದಾಳೆ. ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳಾಗಿತ್ತು, ತೋರಿಸಿಕೊಳ್ಳಲು ಕೋಲಾರಕ್ಕೆ ಬಂದಿದ್ದಳು. ಗೋಡೆಯ ಕಥೆ ಕೇಳಿ ತಟ್ಟೆಯ ಮುಂದೆಯೇ ನಗಲು ಶುರು ಮಾಡಿದವಳು ಸಾರು ಮುಗಿಯುವವರೆಗೂ ನಿಲ್ಲಿಸಲಿಲ್ಲ. “ಸರ್ವೇಯರ್ ಮಗ ಕಣೇ ವನಜಾ ಇವನು. ಉತ್ತರ ಎಲ್ಲಿದೆ ಅಂತ ಗೋಡೆನ ಕೇಳಿದ್ದಾನೆ.”

ಎರಡೂವರೆಗೆ ನೆರಳು ವೃತ್ತ ಮುಟ್ಟಿತು. ಮೇಸ್ತ್ರಿ ಗೆರೆ ಎಳೆದರು. ಗೋಡೆಗೂ ಗೆರೆಗೂ ನಡುವೆ ಒಂದು ದೋಸೆಯ ತುಂಡು ಹಿಡಿಸುವಷ್ಟು ಕೋನ! ಮೌಂಟನ್ನು ಎತ್ತಿ ಗೆರೆಯ ಮೇಲಿಟ್ಟೆ. ರಸಮಟ್ಟದ ಗುಳ್ಳೆ ನಡುವಿಗೆ ಬಂತು. ಫಿಲ್ಟರ್, ಸೂರ್ಯ, ಶುಕ್ರ. ಕುಂಯ್.

ಕಣ್ಣಿಟ್ಟೆ.

ನೀಲಿಯ ನಡುವೆ ಪುಟ್ಟ ಅರ್ಧ ಚಂದ್ರ. ಚಂದ್ರನಲ್ಲ, ಶುಕ್ರ. ಹಾಲಿನಷ್ಟು ಬಿಳಿ, ಚಾಕುವಿನಿಂದ ಕೊಯ್ದ ಹಾಗೆ ಸರಿಯಾಗಿ ಅರ್ಧ. ಐದು ನಿಮಿಷ ಬಿಟ್ಟು ನೋಡಿದೆ, ಅಲ್ಲೇ ಇತ್ತು. ಹದಿನೈದು ನಿಮಿಷ ಬಿಟ್ಟು ನೋಡಿದೆ, ಕದಲಿರಲಿಲ್ಲ. ಭೂಮಿ ತಿರುಗುತ್ತಿದೆ, ನನ್ನ ಪೆನ್ಸಿಲಿನ ಹದಿಮೂರೂ ಮೇಸ್ತ್ರಿಯ ಸೀಮೆಸುಣ್ಣದ ಗೆರೆಯೂ ಸೇರಿ ಅದನ್ನು ಹಿಡಿದು ನಿಲ್ಲಿಸಿವೆ. ಪದವಿ ಬಂದ ದಿನ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

ಆದರೆ ಪ್ರಶ್ನೆ ಅದಲ್ಲವಲ್ಲ. ಮಾಲೂರಿನವರು ಕೇಳಿದ್ದು ಬರಿಗಣ್ಣಿಗೆ. ಟೆಲಿಸ್ಕೋಪಿನ ಕೊಳವೆ ತೋರಿಸಿದ ದಿಕ್ಕಿಗೇ ಕತ್ತೆತ್ತಿ ನೋಡಿದೆ. ಶುಕ್ರ ಹೆಚ್ಚುಕಡಿಮೆ ನೆತ್ತಿಯ ಮೇಲಿತ್ತು. ಕತ್ತು ನೋಯಿತು, ಕಣ್ಣಲ್ಲಿ ನೀರು ಬಂತು, ಚುಕ್ಕಿ ಬರಲಿಲ್ಲ. ಯಂತ್ರ ಗೆದ್ದಿತ್ತು. ನನ್ನ ಕಥೆ ಸೋಲುತ್ತಿತ್ತು.

ಅಷ್ಟರಲ್ಲಿ ಅಕ್ಕ ಟೆಲಿಸ್ಕೋಪಿಗೆ ಕಣ್ಣಿಟ್ಟು, ಇದು ಅರ್ಧ ಇದೆ, ಅಪ್ಪ ತೋರಿಸಿದ್ದು ಬರೀ ಚುಕ್ಕಿ ಎಂದಳು. ನಾನು ತಿರುಗಿ ನೋಡಿದೆ. ನಿನಗೂ ತೋರಿಸಿದ್ದರಾ? ಅಕ್ಕ ವನಜಾಳಿಗೆ ಚಾಪೆ ತರಲು ಹೇಳಿದಳು.

ಮೆಟ್ಟಿಲ ಮೇಲಿನ ಪುಟ್ಟ ರೂಮಿನ ನೆರಳಲ್ಲಿ, ಕಾಲು ದಕ್ಷಿಣಕ್ಕೆ ಬರುವ ಹಾಗೆ ಚಾಪೆ ಹಾಸಿಸಿದಳು. ಟೆಲಿಸ್ಕೋಪು ಎತ್ತ ನೋಡುತ್ತಿದೆ ಎಂದು ಒಮ್ಮೆ ಗಮನಿಸಿದಳು. ಕೂತು, ದೂರದ ಬೆಟ್ಟಗಳ ಅಂಚನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಹಾಗೇ, ಕಣ್ಣನ್ನು ಹತ್ತಿರದ ಯಾವುದಕ್ಕೂ ತಾಗಿಸದೆ, ಹಿಂದಕ್ಕೆ ಅಂಗಾತ ಮಲಗಿದಳು. ಸಜ್ಜದ ಮೂಲೆಯಿಂದ ಸ್ವಲ್ಪ ಈಚೆಗೆ ಬೆರಳು ತೋರಿಸಿದಳು.

“ಅಗೋ ಬೆಳ್ಳಿ.”

ನನ್ನ ಅನುಮಾನದ ಬುದ್ಧಿ ಎಲ್ಲಿ ಹೋಗುತ್ತದೆ? ಹೊಸ ಲೆನ್ಸಿನ ಕಣ್ಣು, ಅದಕ್ಕೇ ಕಂಡಿರಬೇಕು ಎಂದುಕೊಂಡೆ. ಆಮೇಲೆ ವನಜಾ ಮಲಗಿದಳು, ಅಕ್ಕ ಹೇಳಿದಂತೆಯೇ ಬೆಟ್ಟ ನೋಡಿ. ಅವಳಿಗೂ ಕಂಡಿತು. ಮೇಸ್ತ್ರಿ ಮಲಗಿದರು. ಕಂಡ ಕೂಡಲೇ ತೆಲುಗಿನಲ್ಲಿ ಏನೋ ಗೊಣಗಿ ಕೈ ಮುಗಿದರು. ಟೆಲಿಸ್ಕೋಪಿನ ಯಜಮಾನನಾದ ನಾನು ಮಾತ್ರ ಮೂರು ಸಲ ಏಳಬೇಕಾಯಿತು, ಮೂರು ಸಲ ಮಲಗಬೇಕಾಯಿತು. ಖಾಲಿ ಆಕಾಶದಲ್ಲಿ ಕಣ್ಣಿಗೆ ಹಿಡಿತವಿರುವುದಿಲ್ಲ, ನೋಟ ಹತ್ತಿರಕ್ಕೇ ಬಂದು ನಿಂತುಬಿಡುತ್ತದೆ, ಮೊದಲು ದೂರಕ್ಕೆ ಕಳಿಸಬೇಕು ಎಂದು ಅಕ್ಕ ಪಕ್ಕದಲ್ಲಿ ಕೂತು ಮಗುವಿಗೆ ಹೇಳುವ ಹಾಗೆ ಹೇಳಿದಳು. ನಾಲ್ಕನೆಯ ಸಲ ಕಂಡಿತು.

ಉಪ್ಪಿನ ಹರಳು. ಒಮ್ಮೆ ಕಂಡ ಮೇಲೆ, ಇಷ್ಟು ಹೊತ್ತು ಹೇಗೆ ಕಾಣಲಿಲ್ಲ ಎಂದೇ ಆಶ್ಚರ್ಯ.

ಮಲಗಿದ್ದ ಹಾಗೆಯೇ ನನಗೆ ಚುರುಕ್ ಎಂದಿತು. ನನ್ನ ನೆನಪಿನಲ್ಲಿ ಬೆಟ್ಟವಿಲ್ಲ. ಚಾಪೆಯಿಲ್ಲ. ಮಲಗುವುದೇ ಇಲ್ಲ. ಇಷ್ಟು ಮುಖ್ಯವಾದ ಉಪಾಯ ನನಗೆ ಹೇಗೆ ಮರೆಯಿತು? ಅಕ್ಕನನ್ನು ಕೇಳಿದೆ, ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡೇ ತೋರಿಸಿದ್ದಲ್ಲವಾ?

“ಹೆಗಲ ಮೇಲೆ ಕೂತು ನೆತ್ತಿ ನೋಡಿದ್ರೆ ಹಿಂದಕ್ಕೆ ಬೀಳ್ತೀಯಲ್ಲೋ ಸೀನ. ಎಂಎಸ್ಸಿ ಓದಿದ್ದೀಯ.”

ಹೌದಲ್ಲ! ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ!

ಆಮೇಲೆ ಅಕ್ಕ ನಿಧಾನವಾಗಿ ಹೇಳಿದಳು. ಅವತ್ತು ಕುರುಡುಮಲೆಗೆ ಹೋದದ್ದು ಅಪ್ಪ ಮತ್ತು ಅವಳು. ಬಾವುಟದ ಕೋಲು ಹಿಡಿಯುವುದಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದರು. ನಸುಕಿನಲ್ಲೇ ಹೊರಟಿದ್ದರಿಂದ ಮೂಡಣದಲ್ಲಿ ಬೆಳ್ಳಿ ಕಂಡಿತ್ತು. ಅದನ್ನು ಬಿಡಬೇಡ, ಅರ್ಧ ಗಂಟೆಗೊಮ್ಮೆ ಎಲ್ಲಿದೆ ನೋಡುತ್ತಿರು ಎಂದು ಅಪ್ಪ ಹೇಳಿದ್ದರು. ಬೆಳಕಾದ ಮೇಲೂ ಹಿಂಬಾಲಿಸಿ, ಗುಡಿಯ ನೆರಳಲ್ಲಿ ಕಲ್ಲು ಚಪ್ಪಡಿಯ ಮೇಲೆ ಮಲಗಿಸಿ, ಸೂರಿನ ಅಂಚಿಗೆ ಗುರುತು ಹಿಡಿದು ತೋರಿಸಿದ್ದರು. ನಡುಮಧ್ಯಾಹ್ನವೂ ಅಲ್ಲ, ತಿಂಡಿಯ ಹೊತ್ತು. ನಾನು ಆಗ ಮುಳಬಾಗಿಲಿನ ಬಾಡಿಗೆ ಮನೆಯಲ್ಲಿ, ಮೈತುಂಬ ಅಮ್ಮ ಎದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. (ಹಣೆಯ ಮೇಲಿನ ಸಿಡುಬಿನ ಕಲೆ ಇನ್ನೂ ಇದೆ, ಆ ಸಾಕ್ಷಿಯನ್ನು ಅಲ್ಲಗಳೆಯುವ ಹಾಗಿಲ್ಲ.)

“ನನ್ನನ್ನ ಬಿಟ್ಟು ಹೋದ್ರಿ ಅಂತ ನೀನು ಒಂದೇ ಸಮ ಅಳ್ತಿದ್ದೆ ಕಣೋ. ಅದಕ್ಕೆ ನಿನ್ನನ್ನೂ ಸೇರಿಸಿ ಹೇಳ್ದೆ. ಎಲ್ಲಿ ಕೂರಿಸ್ಲಿ ಅಂತ ಯೋಚ್ನೆ ಮಾಡಿ, ಅಪ್ಪನ ಹೆಗಲ ಮೇಲೆ ಕೂರಿಸ್ದೆ.”

ಪ್ರತಿ ರಾತ್ರಿ ಮಲಗುವಾಗ ಇದನ್ನೇ ಹೇಳು ಎಂದು ಪೀಡಿಸುತ್ತಿದ್ದೆನಂತೆ. ಒಂದೊಂದು ದಿನ ಕೆರೆ ಕಟ್ಟೆ, ಒಂದೊಂದು ದಿನ ಗುಡಿ. ನಾನು ಗುಣವಾಗುವವರೆಗೆ ಹೇಳಿದಳಂತೆ.

ಇಷ್ಟು ವರ್ಷ ನಾನು ಭಾಷಣದಲ್ಲಿ, ಪಾಠದಲ್ಲಿ, ಇದೇ ಅಂಕಣದಲ್ಲಿ ಹೇಳುವುದನ್ನು ಕೇಳಿಯೂ ಯಾಕೆ ಸುಮ್ಮನಿದ್ದೆ ಎಂದೆ. ಅಕ್ಕ ಸೀರೆಯ ಧೂಳು ಕೊಡವಿಕೊಂಡು ಎದ್ದಳು. ನೀನು ಚೆನ್ನಾಗಿ ಹೇಳ್ತಿದ್ದೆ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಕೆಳಗಿಳಿದು ಹೋದಳು.

ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ. ಹಗಲಲ್ಲಿ ಶುಕ್ರ ಬರಿಗಣ್ಣಿಗೆ ಕಾಣುತ್ತದೆ. ಅದಕ್ಕೆ ನಮ್ಮ ತಾರಸಿಯಲ್ಲಿ ನಾಲ್ಕು ಜನ ಸಾಕ್ಷಿಗಳಿದ್ದಾರೆ. ಅಪ್ಪ ತೋರಿಸಿದ್ದೂ ನಿಜ. ಆ ಗುಡಿಯ ನೆರಳಲ್ಲಿ ನಾನಿದ್ದೆ ಎಂದು ಬರೆದದ್ದು ಮಾತ್ರ ಸುಳ್ಳು, ತಪ್ಪಾಯಿತು. ಬೇರೆ ಯಾವ ಸುಳ್ಳನ್ನಾದರೂ ಒಪ್ಪಿಕೊಳ್ಳುವಾಗ ತಲೆ ತಗ್ಗಿಸುತ್ತಿದ್ದೆನೋ ಏನೋ. ಈಗ ಯಾಕೋ ತಲೆ ತಗ್ಗುತ್ತಲೇ ಇಲ್ಲ.

ಅಳುವ ತಮ್ಮನನ್ನು ಸುಮ್ಮನಾಗಿಸಲು ಹನ್ನೊಂದು ವರ್ಷದ ಹುಡುಗಿ ಕಟ್ಟಿದ ಕಥೆ, ಎಲ್ಲವನ್ನೂ ಅನುಮಾನಿಸುವವನೊಬ್ಬನ ಇಡೀ ಬದುಕನ್ನು ಹೊತ್ತು ನಿಂತಿತು. ಹೇಳಿ, ನಮ್ಮ ಮನೆಯಲ್ಲಿ ಬರಹಗಾರರು ಯಾರು?